ನೇಪಾಳದ ‘ಏಳನೇ ಇಸವಿ’: ಈಡೇರಲು ಅರ್ಧ ಶತಮಾನ ಹಿಡಿದ ಮಾತು

ನೇಪಾಳದ ಹಳೆಯ ತಲೆಮಾರಿನವರು ‘ಸಾತ್ ಸಾಲ್’ ಎಂದರೆ ಅದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ. ಸಾತ್ ಸಾಲ್ ಎಂದರೆ ಏಳನೇ ಇಸವಿ; ವಿಕ್ರಮ ಸಂವತ್ 2007. ನೇಪಾಳ ಇಂದಿಗೂ ಅನುಸರಿಸುವ ಈ ಪಂಚಾಂಗ ನಮ್ಮ ಕ್ಯಾಲೆಂಡರಿಗಿಂತ ಸುಮಾರು 57 ವರ್ಷ ಮುಂದಿದೆ. ಹೀಗಾಗಿ ಅವರ 2007 ನಮಗೆ 1950ರ ಏಪ್ರಿಲ್‌ನಿಂದ 1951ರ ಏಪ್ರಿಲ್‌ವರೆಗಿನ ಅವಧಿ. ಆ ಹನ್ನೆರಡು ತಿಂಗಳಲ್ಲಿ ಹಿಮಾಲಯದ ಮಡಿಲಿನ ಆ ರಾಜ್ಯ ಕಂಡಷ್ಟು ಏರುಪೇರನ್ನು ಅದರ ಹಿಂದಿನ ನೂರು ವರ್ಷಗಳಲ್ಲೂ ಕಂಡಿರಲಿಲ್ಲ. ದೊರೆಯೊಬ್ಬ ತನ್ನದೇ ರಾಜಧಾನಿಯಿಂದ ತಪ್ಪಿಸಿಕೊಂಡು ಹೋದ. ಮೂರು ವರ್ಷದ ಮಗುವಿನ ತಲೆಗೆ ಕಿರೀಟ ಏರಿತು. 104 ವರ್ಷಗಳಿಂದ ದೇಶವನ್ನು ಮುಷ್ಟಿಯಲ್ಲಿಟ್ಟುಕೊಂಡಿದ್ದ ಒಂದು ಮನೆತನದ ಏಕಚಕ್ರಾಧಿಪತ್ಯ ಮುರಿದುಬಿತ್ತು.

ಈ ಎಲ್ಲದರ ಕೊನೆಗೆ, 1951ರ ಫೆಬ್ರುವರಿ 18ರಂದು, ದೊರೆ ತ್ರಿಭುವನ್ ಪ್ರಜೆಗಳಿಗೆ ಒಂದು ಮಾತು ಕೊಟ್ಟರು. ಇನ್ನು ಮುಂದೆ ನೇಪಾಳದ ಆಡಳಿತ ಜನರೇ ಆರಿಸಿದ ಸಂವಿಧಾನ ರಚನಾ ಸಭೆ ಬರೆದ ಸಂವಿಧಾನದ ಪ್ರಕಾರ ನಡೆಯುತ್ತದೆ ಎಂಬುದೇ ಆ ಮಾತು. ಅಂದು ಫಾಲ್ಗುಣ 7. ನೇಪಾಳ ಆ ದಿನವನ್ನು ಪ್ರಜಾತಂತ್ರ ದಿನವಾಗಿ ಆಚರಿಸುತ್ತದೆ. ಆದರೆ ಆ ಮಾತು ಈಡೇರಿದ್ದು 2008ರಲ್ಲಿ. ಈಡೇರಿದ ದಿನವೇ ಮಾತು ಕೊಟ್ಟ ಸಿಂಹಾಸನವೂ ಇಲ್ಲವಾಯಿತು.

ಐದು ಶ್ರೀ, ಮೂರು ಶ್ರೀ

ಏಳನೇ ಇಸವಿಯ ಕ್ರಾಂತಿ ಅರ್ಥವಾಗಬೇಕಾದರೆ ನೇಪಾಳದ ವಿಚಿತ್ರ ಎರಡಂತಸ್ತಿನ ಅರಸೊತ್ತಿಗೆಯನ್ನು ಮೊದಲು ತಿಳಿಯಬೇಕು. ಅಲ್ಲಿ ಇಬ್ಬರು ಮಹಾರಾಜರಿದ್ದರು. ಒಬ್ಬರ ಹೆಸರಿನ ಮುಂದೆ ಐದು ಶ್ರೀ, ಇನ್ನೊಬ್ಬರ ಹೆಸರಿನ ಮುಂದೆ ಮೂರು ಶ್ರೀ. ಐದು ಶ್ರೀಗಳ ಷಾ ವಂಶದ ದೊರೆ ವಿಷ್ಣುವಿನ ಅವತಾರವೆಂದು ಪೂಜೆ ಪಡೆಯುತ್ತಿದ್ದ. ಆದರೆ ಅರಮನೆಯಿಂದ ಹೊರಗೆ ಕಾಲಿಡಬೇಕಾದರೂ ಮೂರು ಶ್ರೀಗಳ ರಾಣಾ ಪ್ರಧಾನಿಯ ಒಪ್ಪಿಗೆ ಬೇಕಿತ್ತು.

ಇದರ ಮೂಲ 1846ರ ಸೆಪ್ಟೆಂಬರ್ 14ರ ರಾತ್ರಿಯಲ್ಲಿದೆ. ಕಠ್ಮಂಡುವಿನ ಅರಮನೆ ಆವರಣದ ಕೋಟ್ ಎಂಬ ಶಸ್ತ್ರಾಗಾರದಲ್ಲಿ ಸೇರಿದ್ದ ಆಸ್ಥಾನದ ಸರದಾರರ ಕಗ್ಗೊಲೆ ನಡೆಯಿತು. ಆ ರಕ್ತದ ಮಡುವಿನಿಂದ ಎದ್ದುಬಂದವನು ಜಂಗ್ ಬಹದ್ದೂರ್. ಹತ್ತೇ ವರ್ಷಗಳಲ್ಲಿ ಆತ ದೊರೆಯಿಂದಲೇ ಬರೆಸಿಕೊಂಡ ಸನ್ನದಿನ ಮೂಲಕ ಪ್ರಧಾನಿ ಪಟ್ಟವನ್ನು ತನ್ನ ಮನೆತನದ ಆಸ್ತಿಯಾಗಿ ಮಾಡಿಕೊಂಡ. ಪಟ್ಟ ತಂದೆಯಿಂದ ಮಗನಿಗೆ ಹೋಗುತ್ತಿರಲಿಲ್ಲ; ಅಣ್ಣನಿಂದ ತಮ್ಮನಿಗೆ, ತಮ್ಮಂದಿರು ಮುಗಿದ ಮೇಲೆ ಮುಂದಿನ ತಲೆಮಾರಿನ ಹಿರಿಯನಿಗೆ ಹೋಗುತ್ತಿತ್ತು. ಸರದಿಯ ಪಟ್ಟಿಯಲ್ಲಿ ತನಗಿಂತ ಮೇಲಿರುವವನು ಯಾವಾಗ ಜಾಗ ಖಾಲಿ ಮಾಡುತ್ತಾನೆಂದು ಪ್ರತಿಯೊಬ್ಬನೂ ಕಾದು ಕೂರುವ ವ್ಯವಸ್ಥೆ ಅದು.

ಬೊಕ್ಕಸದ ಕತೆ ಇನ್ನೂ ಸರಳ. ರಾಜ್ಯದ ಕಂದಾಯದಲ್ಲಿ ಖರ್ಚು ಕಳೆದು ಉಳಿದದ್ದೆಲ್ಲ ಪ್ರಧಾನಿಯ ಸ್ವಂತದ್ದು. ಈ ಹಣದಲ್ಲಿ ಕಠ್ಮಂಡು ಕಣಿವೆಯ ತುಂಬ ಯೂರೋಪಿನ ಮಾದರಿಯ ಬಿಳಿ ಅರಮನೆಗಳು ಎದ್ದವು. ಕಣಿವೆಗೆ ಹೊರಗಿನಿಂದ ಮೋಟಾರು ರಸ್ತೆಯೇ ಇರಲಿಲ್ಲ. ರಾಣಾಗಳ ಕಾರುಗಳನ್ನು ಹಮಾಲರು ಹೆಗಲ ಮೇಲೆ ಹೊತ್ತು ಬೆಟ್ಟ ದಾಟಿಸುತ್ತಿದ್ದರು. ಕ್ರಾಂತಿಯ ನಂತರ ನಡೆದ ಮೊದಲ ಜನಗಣತಿಯ ಹೊತ್ತಿಗೂ ಓದು ಬರಹ ಬಲ್ಲವರು ನೂರಕ್ಕೆ ಸುಮಾರು ಐದು ಮಂದಿ ಮಾತ್ರ ಇದ್ದರು ಎಂಬುದು ರಾಣಾ ಆಳ್ವಿಕೆಯ ನಿಜವಾದ ಲೆಕ್ಕಪತ್ರ.

ಈ ಕೋಟೆಯ ಹೊರಗೋಡೆ ಬ್ರಿಟಿಷರು. 1857ರ ದಂಗೆಯಲ್ಲಿ ಜಂಗ್ ಬಹದ್ದೂರ್ ಸ್ವತಃ ಸೇನೆಯೊಂದಿಗೆ ಬಂದು ಅವರ ನೆರವಿಗೆ ನಿಂತಿದ್ದ. ಗೂರ್ಖಾ ಯೋಧರನ್ನು ಕೊಡುವುದು, ಪ್ರತಿಯಾಗಿ ಒಳಾಡಳಿತದಲ್ಲಿ ಯಾರೂ ತಲೆಹಾಕದಂತೆ ನೋಡಿಕೊಳ್ಳುವುದು ರಾಣಾಗಳ ನೀತಿಯಾಗಿತ್ತು. 1947ರಲ್ಲಿ ಬ್ರಿಟಿಷರು ಹೊರಟುಹೋದಾಗ ಆ ಗೋಡೆ ಒಮ್ಮೆಲೇ ಕುಸಿಯಿತು.

ಗೋಡೆಯೊಳಗಿನ ಬಿರುಕು

ಬಿರುಕು ಅದಕ್ಕೂ ಮೊದಲೇ ಕಾಣಿಸಿಕೊಂಡಿತ್ತು. 1930ರ ದಶಕದಲ್ಲಿ ಕಠ್ಮಂಡುವಿನ ಕೆಲವು ತರುಣರು ‘ಪ್ರಜಾ ಪರಿಷತ್’ ಎಂಬ ಗುಪ್ತ ಸಂಘಟನೆ ಕಟ್ಟಿದ್ದರು. ದೊರೆ ತ್ರಿಭುವನ್‌ಗೂ ಇವರಿಗೂ ಒಳಗೊಳಗೇ ಸಂಪರ್ಕವಿತ್ತು. ಅರಮನೆಯಲ್ಲಿ ವ್ಯಾಯಾಮ ಕಲಿಸುತ್ತಿದ್ದ ಧರ್ಮಭಕ್ತ ಮಾಥೇಮಾ ಅದರ ಕೊಂಡಿ. ಸಂಚು ಬಯಲಾಯಿತು. 1941ರ ಜನವರಿಯಲ್ಲಿ ಧರ್ಮಭಕ್ತ, ಶುಕ್ರರಾಜ ಶಾಸ್ತ್ರಿ, ದಶರಥ ಚಂದ್ ಮತ್ತು ಗಂಗಾಲಾಲ್ ಶ್ರೇಷ್ಠ ಅವರನ್ನು ಕೊಲ್ಲಲಾಯಿತು. ಪರಿಷತ್ತಿನ ಅಧ್ಯಕ್ಷ ಟಂಕಪ್ರಸಾದ್ ಆಚಾರ್ಯ ಬ್ರಾಹ್ಮಣರಾದ್ದರಿಂದ ಅವರಿಗೆ ಮರಣದಂಡನೆ ವಿಧಿಸುವಂತಿರಲಿಲ್ಲ. ಜೀವಾವಧಿ ಜೈಲು ಸಿಕ್ಕಿತು. ದೊರೆಯನ್ನು ಮುಟ್ಟುವ ಧೈರ್ಯ ಪ್ರಧಾನಿ ಜುದ್ಧ ಷಂಷೇರ್‌ಗೆ ಬರಲಿಲ್ಲ. ತ್ರಿಭುವನ್ ಇನ್ನೊಂದು ಅವಕಾಶಕ್ಕಾಗಿ ಹತ್ತು ವರ್ಷ ಕಾದರು.

ಎರಡನೆಯ ಬಿರುಕು ರಾಣಾ ಮನೆತನದೊಳಗಿನದೇ. ಪ್ರಧಾನಿ ಚಂದ್ರ ಷಂಷೇರ್ ತನ್ನ ಕುಲದವರನ್ನು ತಾಯಿಯ ಜಾತಿ ಮತ್ತು ಮದುವೆಯ ವಿಧಿಯನ್ನು ನೋಡಿ ಎ, ಬಿ, ಸಿ ಎಂದು ಮೂರು ದರ್ಜೆಗೆ ವಿಂಗಡಿಸಿದ್ದ. 1934ರಲ್ಲಿ ಜುದ್ಧ ಷಂಷೇರ್ ‘ಸಿ’ ದರ್ಜೆಯವರನ್ನು ಉತ್ತರಾಧಿಕಾರದ ಪಟ್ಟಿಯಿಂದಲೇ ಹೊಡೆದುಹಾಕಿದ. ಹಣವಿದ್ದು ಮಾನ ಕಳೆದುಕೊಂಡ ಈ ರಾಣಾಗಳು ಸುಮ್ಮನೆ ಕೂರಲಿಲ್ಲ. ಸುವರ್ಣ ಷಂಷೇರ್, ಮಹಾವೀರ ಷಂಷೇರ್ ಕಲ್ಕತ್ತೆಯಲ್ಲಿ ನೆಲೆಸಿ ತಮ್ಮದೇ ಪಕ್ಷ ಕಟ್ಟಿದರು. ಮಹಾವೀರ ಷಂಷೇರ್ ಬಳಿ ಒಂದು ವಿಮಾನ ಕಂಪೆನಿಯೇ ಇತ್ತು.

ಮೂರನೆಯದು ಗಡಿಯಾಚೆ ಭಾರತದಲ್ಲಿ ಬೆಳೆದ ವಿದ್ಯಾವಂತ ನೇಪಾಳಿಗಳ ಪೀಳಿಗೆ. ಬನಾರಸ್, ಪಟ್ನಾ, ಕಲ್ಕತ್ತೆಗಳಲ್ಲಿ ಓದಿದ ಇವರಿಗೆ ರಾಜಕೀಯದ ಮೊದಲ ಪಾಠ ಸಿಕ್ಕಿದ್ದು ಭಾರತದ ಸ್ವಾತಂತ್ರ್ಯ ಚಳವಳಿಯಲ್ಲಿ. ಬಿಶ್ವೇಶ್ವರ ಪ್ರಸಾದ್ ಕೊಯಿರಾಲ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಜೈಲು ಕಂಡವರು. ಜನರ ಬಾಯಲ್ಲಿ ಅವರು ಬಿ.ಪಿ. 1947ರ ಜನವರಿಯಲ್ಲಿ ಅವರು ಮತ್ತು ಗೆಳೆಯರು ಕಲ್ಕತ್ತೆಯಲ್ಲಿ ನೇಪಾಳಿ ರಾಷ್ಟ್ರೀಯ ಕಾಂಗ್ರೆಸ್ ಸ್ಥಾಪಿಸಿದರು. ಎರಡೇ ತಿಂಗಳಲ್ಲಿ ಬಿರಾಟ್‌ನಗರದ ಸೆಣಬಿನ ಗಿರಣಿಯಲ್ಲಿ ಕಾರ್ಮಿಕರ ಮುಷ್ಕರ ನಡೆಯಿತು. ಜಯಪ್ರಕಾಶ ನಾರಾಯಣ, ರಾಮಮನೋಹರ ಲೋಹಿಯಾ ಈ ತರುಣರ ಬೆನ್ನಿಗಿದ್ದರು. ಕಾಗೋಡು ಸತ್ಯಾಗ್ರಹದಲ್ಲಿ ಬಂಧನಕ್ಕೊಳಗಾಗಿ ಕನ್ನಡಿಗರಿಗೆ ಹತ್ತಿರವಾದ ಅದೇ ಲೋಹಿಯಾ, ಅದಕ್ಕೆ ಎರಡು ವರ್ಷ ಮೊದಲು, 1949ರ ಮೇ ತಿಂಗಳಲ್ಲಿ, ದೆಹಲಿಯ ನೇಪಾಳ ರಾಯಭಾರ ಕಚೇರಿಯೆದುರು ಪ್ರತಿಭಟಿಸಿ ಜೈಲಿಗೆ ಹೋಗಿದ್ದರು.

ಸಂವತ್ 2007 ಕಾಲಿಡುವುದಕ್ಕೆ ಕೆಲವೇ ದಿನ ಮುಂಚೆ, 1950ರ ಏಪ್ರಿಲ್ ಎರಡನೇ ವಾರದಲ್ಲಿ, ಬಿ.ಪಿ. ಗುಂಪು ಮತ್ತು ‘ಸಿ’ ದರ್ಜೆ ರಾಣಾಗಳ ಪಕ್ಷ ಕಲ್ಕತ್ತೆಯಲ್ಲಿ ಒಂದಾಗಿ ‘ನೇಪಾಳಿ ಕಾಂಗ್ರೆಸ್’ ಹುಟ್ಟಿತು. ಬಿ.ಪಿ.ಯವರ ಮಲ ಅಣ್ಣ ಮಾತೃಕಾ ಪ್ರಸಾದ್ ಕೊಯಿರಾಲ ಅಧ್ಯಕ್ಷರಾದರು. ಒಂದು ಕಡೆ ಜನಬಲ, ಇನ್ನೊಂದು ಕಡೆ ಹಣ. ಎರಡೂ ಸೇರಿದ ಮೇಲೆ ಶಸ್ತ್ರದ ಮಾತು ಬಂದಿತು. ಬರ್ಮಾದ ಸಮಾಜವಾದಿಗಳಿಂದ ಬಂದೂಕುಗಳು ಬಂದವು.

ಶಿಕಾರಿಗೆ ಹೊರಟ ದೊರೆ

ವರ್ಷದ ಮೊದಲ ಆರು ತಿಂಗಳು ಹೊರನೋಟಕ್ಕೆ ಶಾಂತವಾಗಿಯೇ ಕಳೆದವು. ಜೂನ್ 3ರಂದು ಫ್ರೆಂಚ್ ಪರ್ವತಾರೋಹಿಗಳು ಅನ್ನಪೂರ್ಣಾ ಶಿಖರವನ್ನೇರಿದರು. ಎಂಟು ಸಾವಿರ ಮೀಟರಿಗೂ ಎತ್ತರದ ಶಿಖರದ ಮೇಲೆ ಮನುಷ್ಯ ಕಾಲಿಟ್ಟದ್ದು ಅದೇ ಮೊದಲು. ಜುಲೈ 31ರಂದು ಪ್ರಧಾನಿ ಮೋಹನ್ ಷಂಷೇರ್ ಮತ್ತು ಭಾರತದ ರಾಯಭಾರಿ ಸಿ.ಪಿ.ಎನ್. ಸಿಂಗ್ ಕಠ್ಮಂಡುವಿನಲ್ಲಿ ಶಾಂತಿ ಮತ್ತು ಮೈತ್ರಿ ಒಪ್ಪಂದಕ್ಕೆ ಸಹಿ ಹಾಕಿದರು. ಭಾರತದ ಸ್ನೇಹ ಗಳಿಸಿದ್ದರಿಂದ ತಮ್ಮ ಪಟ್ಟ ಭದ್ರವಾಯಿತೆಂದು ರಾಣಾಗಳು ಭಾವಿಸಿರಬೇಕು.

ಆದರೆ ಅಕ್ಟೋಬರ್‌ನಲ್ಲಿ ಚೀನಾದ ಸೇನೆ ಟಿಬೆಟ್ ಪ್ರವೇಶಿಸಿತು. ನೇಪಾಳದ ಉತ್ತರದ ಗಡಿಯಾಚೆ ಇದ್ದಕ್ಕಿದ್ದಂತೆ ಒಂದು ದೊಡ್ಡ ಶಕ್ತಿ ಬಂದು ನಿಂತಿತು. ಜನಬೆಂಬಲವಿಲ್ಲದ ಸರ್ಕಾರವೊಂದು ಹಿಮಾಲಯದ ಬಾಗಿಲು ಕಾಯಬಲ್ಲದೆ ಎಂಬ ಚಿಂತೆ ದೆಹಲಿಯನ್ನು ಕಾಡತೊಡಗಿತು. ಪ್ರಜಾಪ್ರಭುತ್ವದ ಮೇಲಿನ ಒಲವು ಮತ್ತು ಗಡಿಯ ಭಯ, ನೆಹರೂ ಅವರ ನೇಪಾಳ ನೀತಿಯಲ್ಲಿ ಎರಡೂ ಬೆರೆತಿದ್ದವು.

ನವೆಂಬರ್ 6ರಂದು ತ್ರಿಭುವನ್ ಶಿಕಾರಿಯ ನೆಪ ಹೇಳಿ ಕುಟುಂಬದೊಂದಿಗೆ ಅರಮನೆಯಿಂದ ಹೊರಟರು. ಜೊತೆಯಲ್ಲಿ ರಾಣಿಯರು, ಯುವರಾಜ ಮಹೇಂದ್ರ, ಇನ್ನಿಬ್ಬರು ಮಕ್ಕಳು, ಹಿರಿಯ ಮೊಮ್ಮಗ ಬೀರೇಂದ್ರ. ಕಾವಲಿಗೆ ರಾಣಾ ಸೈನಿಕರೂ ಇದ್ದರು. ಭಾರತದ ರಾಯಭಾರ ಕಚೇರಿಯ ಮುಂದೆ ಬಂದಾಗ ಕಾರುಗಳು ಹಠಾತ್ತನೆ ತಿರುಗಿ ಗೇಟಿನೊಳಗೆ ನುಗ್ಗಿದವು. ಗೇಟು ಮುಚ್ಚಿತು. ರಾಣಾ ಸೈನಿಕರು ಹೊರಗೇ ಉಳಿದರು.

ಅರಮನೆಯಲ್ಲಿ ಉಳಿದಿದ್ದ ರಾಜಕುಟುಂಬದ ಗಂಡು ಕುಡಿ ಒಂದೇ: ಮಹೇಂದ್ರರ ಎರಡನೇ ಮಗ ಜ್ಞಾನೇಂದ್ರ, ವಯಸ್ಸು ಮೂರು. ತ್ರಿಭುವನ್ ಮರಳಿ ಬರಲು ಒಪ್ಪದಿದ್ದಾಗ ಮೋಹನ್ ಷಂಷೇರ್ ತಡಮಾಡಲಿಲ್ಲ. ಮರುದಿನವೇ, ನವೆಂಬರ್ 7ರಂದು, ಆ ಮಗುವನ್ನು ನೇಪಾಳದ ದೊರೆಯೆಂದು ಘೋಷಿಸಲಾಯಿತು. ಮಗುವಿನ ಹೆಸರಿನಲ್ಲಿ ನಾಣ್ಯವೂ ಟಂಕವಾಯಿತು. ಆದರೆ ಭಾರತ ಈ ಪಟ್ಟಾಭಿಷೇಕವನ್ನು ಒಪ್ಪಲಿಲ್ಲ. ಕೆಲವೇ ದಿನಗಳಲ್ಲಿ ಭಾರತದ ವಿಮಾನಗಳು ತ್ರಿಭುವನ್ ಕುಟುಂಬವನ್ನು ಗೌಚರ್ ಎಂಬ ಹುಲ್ಲುಗಾವಲಿನಿಂದ ದೆಹಲಿಗೆ ಒಯ್ದವು. ಹೆಸರೇ ಹೇಳುವಂತೆ ಅದು ದನ ಮೇಯುವ ಬಯಲು. ಇಂದು ಅದೇ ತ್ರಿಭುವನ್ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ.

ತರಾಯಿಯಲ್ಲಿ ಗುಂಡಿನ ಸದ್ದು

ಅದೇ ದಿನಗಳಲ್ಲಿ ನೇಪಾಳಿ ಕಾಂಗ್ರೆಸ್‌ನ ‘ಮುಕ್ತಿ ಸೇನೆ’ ದಕ್ಷಿಣದ ತರಾಯಿ ಬಯಲಿನಲ್ಲಿ ದಾಳಿ ಆರಂಭಿಸಿತು. ನವೆಂಬರ್ 11ರ ನಸುಕಿನ ಹೊತ್ತಿಗೆ ಬೀರ್‌ಗಂಜ್ ಪಟ್ಟಣ ಬಂಡಾಯಗಾರರ ಕೈಸೇರಿತು. ಖಜಾನೆಯೂ ವಶವಾಯಿತು. ದಾಳಿಯ ಮುಂದಾಳುಗಳಲ್ಲೊಬ್ಬರಾದ ಥೀರ್‌ಬಮ್ ಮಲ್ಲ ಅಲ್ಲೇ ಮಡಿದರು. ಕೆಲವು ದಿನಗಳಲ್ಲಿ ರಾಣಾ ಸೇನೆ ಪಟ್ಟಣವನ್ನು ಮರಳಿ ಪಡೆಯಿತಾದರೂ ಹೊತ್ತಿದ ಬೆಂಕಿ ಆರಲಿಲ್ಲ. ಪೂರ್ವದ ಬಿರಾಟ್‌ನಗರದಲ್ಲಿ ವಾರಗಟ್ಟಲೆ ಕಾದಾಟ ನಡೆದು ಡಿಸೆಂಬರ್‌ನಲ್ಲಿ ಅದು ಕಾಂಗ್ರೆಸ್ ವಶವಾಯಿತು. ಬೆಟ್ಟಪ್ರದೇಶದ ಭೋಜಪುರದಲ್ಲಿ ಸ್ಥಳೀಯರೇ ಎದ್ದರು. ಪಾಲ್ಪಾದ ಅಧಿಕಾರಿಯಾಗಿದ್ದ ‘ಸಿ’ ದರ್ಜೆಯ ರುದ್ರ ಷಂಷೇರ್ ಕ್ರಾಂತಿಕಾರಿಗಳ ಕಡೆ ಸೇರಿದರು. ಜುದ್ಧ ಷಂಷೇರ್ 1934ರಲ್ಲಿ ಹೊರದಬ್ಬಿದವರು ಹೀಗೆ ಲೆಕ್ಕ ತೀರಿಸಿದರು.

ಮೋಹನ್ ಷಂಷೇರ್‌ರ ಕೊನೆಯ ಆಸೆ ಬ್ರಿಟನ್. ಹಳೆಯ ಗೆಳೆಯರು ಮಗು ದೊರೆಗೆ ಮಾನ್ಯತೆ ಕೊಟ್ಟರೆ ಆಟ ಇನ್ನೂ ಗೆಲ್ಲಬಹುದಿತ್ತು. ಡಿಸೆಂಬರ್ ಮೊದಲ ವಾರ ಬ್ರಿಟಿಷ್ ರಾಜತಂತ್ರಜ್ಞ ಎಸ್ಲರ್ ಡೆನಿಂಗ್ ಪರಿಸ್ಥಿತಿ ನೋಡಲು ಕಠ್ಮಂಡುವಿಗೆ ಬಂದಿಳಿದಾಗ ಗೌಚರ್ ಬಯಲಿನಲ್ಲಿ ಜನಸಾಗರವೇ ನೆರೆದಿತ್ತು. ಅವರ ಕೂಗು ತ್ರಿಭುವನ್‌ರ ಪರವಾಗಿತ್ತು. ನೂರು ವರ್ಷ ಬೀದಿಯಲ್ಲಿ ದನಿಯೆತ್ತದ ಕಠ್ಮಂಡುವಿನ ಜನ ಅಂದು ದನಿಯೆತ್ತಿದ್ದರು. ಬ್ರಿಟನ್ ಮಾನ್ಯತೆ ಕೊಡಲಿಲ್ಲ.

ದೆಹಲಿಯಲ್ಲಿ ಆದ ರಾಜಿ

ಬೇರೆ ದಾರಿ ಉಳಿಯದೆ 1951ರ ಜನವರಿ 8ರಂದು ಮೋಹನ್ ಷಂಷೇರ್ ದೆಹಲಿಯ ಸೂಚನೆಗಳನ್ನು ಒಪ್ಪಿಕೊಂಡರು. ತ್ರಿಭುವನ್ ಮತ್ತೆ ದೊರೆ. ಮಂತ್ರಿಮಂಡಲದಲ್ಲಿ ಜನಪ್ರತಿನಿಧಿಗಳಿಗೆ ಅರ್ಧ ಪಾಲು. 1952ರೊಳಗೆ ಸಂವಿಧಾನ ರಚನಾ ಸಭೆಗೆ ಚುನಾವಣೆ. ಪುಟ್ಟ ಜ್ಞಾನೇಂದ್ರನ ಎರಡು ತಿಂಗಳ ‘ಆಳ್ವಿಕೆ’ ಅಲ್ಲಿಗೆ ಮುಗಿಯಿತು. ಕಾಂಗ್ರೆಸ್ ಕದನ ವಿರಾಮ ಘೋಷಿಸಿತು.

ಹಾಗೆ ನೋಡಿದರೆ ಈ ರಾಜಿಯಲ್ಲೇ ಮುಂದಿನ ಎಲ್ಲ ತೊಡಕುಗಳ ಬೀಜವಿತ್ತು. ಕ್ರಾಂತಿ ನಡೆದದ್ದು ಬೀರ್‌ಗಂಜ್, ಬಿರಾಟ್‌ನಗರ, ಭೋಜಪುರಗಳಲ್ಲಿ, ತೀರ್ಮಾನವಾದದ್ದು ದೆಹಲಿಯಲ್ಲಿ. ಬಂದೂಕು ಹಿಡಿದವರಲ್ಲಿ ಅನೇಕರಿಗೆ ಇದು ಅರ್ಧದಾರಿಯಲ್ಲಿ ಕೈಬಿಟ್ಟಂತೆ ಕಂಡಿತು. ಪಶ್ಚಿಮ ತರಾಯಿಯ ದಂಡನಾಯಕ ಕೆ.ಐ. ಸಿಂಗ್ ಶಸ್ತ್ರ ಕೆಳಗಿಡಲು ಒಪ್ಪಲೇ ಇಲ್ಲ. ಕೊನೆಗೆ ಅವರನ್ನು ಹಿಡಿಯಲು ಭಾರತದ ಪಡೆಗಳೂ ಹೋಗಬೇಕಾಯಿತು. ಕ್ರಾಂತಿಯ ಬಳುವಳಿಯಾಗಿ ಭಾರತದ ಬಗೆಗಿನ ಕೃತಜ್ಞತೆ ಮತ್ತು ಅನುಮಾನ, ಎರಡೂ ನೇಪಾಳದ ರಾಜಕೀಯದಲ್ಲಿ ಅಂದೇ ಬೇರೂರಿದವು.

ಫೆಬ್ರುವರಿ 15ರಂದು ತ್ರಿಭುವನ್ ಕಠ್ಮಂಡುವಿಗೆ ಮರಳಿದರು. ಮೂರು ದಿನಗಳ ನಂತರ ಆ ಐತಿಹಾಸಿಕ ಘೋಷಣೆ ಹೊರಬಿತ್ತು. ಹತ್ತು ಮಂದಿಯ ಮಂತ್ರಿಮಂಡಲದಲ್ಲಿ ಐವರು ರಾಣಾಗಳ ಕಡೆಯವರು, ಐವರು ಕಾಂಗ್ರೆಸ್‌ನವರು. ವಿಚಿತ್ರವೆಂದರೆ ಪ್ರಧಾನಿಯಾಗಿ ಮೋಹನ್ ಷಂಷೇರ್ ಅವರೇ ಮುಂದುವರಿದರು. ಗೃಹಖಾತೆ ಬಿ.ಪಿ.ಗೆ, ಹಣಕಾಸು ಸುವರ್ಣ ಷಂಷೇರ್‌ಗೆ ದಕ್ಕಿತು. ಕೆಳಗಿಳಿಸಲು ಹೊರಟವರೂ ಇಳಿಯಬೇಕಾದವರೂ ಒಂದೇ ಮೇಜಿನ ಸುತ್ತ ಕುಳಿತರು. ಏಪ್ರಿಲ್‌ನಲ್ಲಿ, ಸಂವತ್ 2007 ಮುಗಿಯುವ ಕೊನೆಯ ದಿನಗಳಲ್ಲಿ, ರಾಣಾ ಬೆಂಬಲಿಗರ ಗೂರ್ಖಾ ದಳ ಗೃಹಮಂತ್ರಿಯ ಮನೆಗೇ ಮುತ್ತಿಗೆ ಹಾಕಿತು. ಬಿ.ಪಿ. ಸ್ವತಃ ಗುಂಡು ಹಾರಿಸಿ ಜೀವ ಉಳಿಸಿಕೊಂಡರು.

ಇಂಥ ಸಂಸಾರ ಬಹಳ ದಿನ ನಡೆಯುವಂತಿರಲಿಲ್ಲ. ನವೆಂಬರ್‌ನಲ್ಲಿ ಸರ್ಕಾರ ಮುರಿದುಬಿತ್ತು. ಮೋಹನ್ ಷಂಷೇರ್ ರಾಜೀನಾಮೆ ಕೊಟ್ಟು ಮೂರು ಶ್ರೀಗಳ ಪಟ್ಟವನ್ನು ಶಾಶ್ವತವಾಗಿ ಇತಿಹಾಸಕ್ಕೆ ಬಿಟ್ಟುಕೊಟ್ಟರು. ನೇಪಾಳದ ಈ ಕೊನೆಯ ರಾಣಾ ಪ್ರಧಾನಿ ಆಮೇಲೆ ಬಂದು ನೆಲೆಸಿದ್ದು ಬೆಂಗಳೂರಿನಲ್ಲಿ. 1967ರಲ್ಲಿ ಅವರು ಇಲ್ಲಿಯೇ ಕೊನೆಯುಸಿರೆಳೆದರು.

ಗೆದ್ದವರು ಯಾರು?

ರಾಣಾಗಳು ಸೋತರು, ನಿಜ. ಆದರೆ ಅವರ ಕೈಯಿಂದ ಜಾರಿದ ಅಧಿಕಾರ ಹೋಗಿ ಸೇರಿದ್ದು ಎಲ್ಲಿಗೆ? ನವೆಂಬರ್‌ನಲ್ಲಿ ತ್ರಿಭುವನ್ ಪ್ರಧಾನಿಯಾಗಿ ನೇಮಿಸಿದ್ದು ಕ್ರಾಂತಿಯ ಜನಪ್ರಿಯ ನಾಯಕ ಬಿ.ಪಿ.ಯನ್ನಲ್ಲ, ಅವರ ಅಣ್ಣ ಮಾತೃಕಾರನ್ನು. ಅಣ್ಣತಮ್ಮಂದಿರ ನಡುವೆ ಪಕ್ಷ ಒಡೆಯಿತು. ಸರ್ಕಾರಗಳು ಬಂದವು, ಹೋದವು. ಚುನಾವಣೆ ಮಾತ್ರ ಬರಲಿಲ್ಲ. 1952 ಕಳೆಯಿತು. 1955ರ ಮಾರ್ಚ್‌ನಲ್ಲಿ ತ್ರಿಭುವನ್ ಜ್ಯೂರಿಚ್‌ನಲ್ಲಿ ತೀರಿಕೊಂಡರು.

ಮಗ ಮಹೇಂದ್ರರಿಗೆ ತಂದೆಯ ಮಾತಿನ ಹಂಗಿರಲಿಲ್ಲ. ಜನರು ಸಂವಿಧಾನ ಬರೆಯುವ ಬದಲು ದೊರೆಯೇ ಜನರಿಗೆ ಸಂವಿಧಾನ ದಯಪಾಲಿಸುವುದೆಂದು ಅವರು ತೀರ್ಮಾನಿಸಿದರು. 1959ರ ಫೆಬ್ರುವರಿ 12ರಂದು ಸಂವಿಧಾನ ಪ್ರಕಟವಾಯಿತು. ಆರೇ ದಿನಗಳಲ್ಲಿ ಸಂಸತ್ತಿಗೆ ಮತದಾನ ಆರಂಭವಾಯಿತು. ನೇಪಾಳಿ ಕಾಂಗ್ರೆಸ್ 109ರಲ್ಲಿ 74 ಸ್ಥಾನ ಗೆದ್ದು ಬಿ.ಪಿ. ಮೊದಲ ಚುನಾಯಿತ ಪ್ರಧಾನಿಯಾದರು. 1960ರ ಡಿಸೆಂಬರ್ 15ರಂದು ದೊರೆ ಸರ್ಕಾರವನ್ನೂ ಸಂಸತ್ತನ್ನೂ ವಜಾ ಮಾಡಿ ಬಿ.ಪಿ.ಯನ್ನು ಜೈಲಿಗಟ್ಟಿದರು. ತಾನು ಕೊಟ್ಟದ್ದನ್ನು ತಾನೇ ಹಿಂದಕ್ಕೆ ಪಡೆಯಬಹುದು ಎಂಬುದು ಅರಸೊತ್ತಿಗೆಯ ತರ್ಕ. ಸಂವಿಧಾನ ರಚನಾ ಸಭೆ ಇದ್ದಿದ್ದರೆ ಆ ತರ್ಕಕ್ಕೆ ಎಡೆಯೇ ಇರುತ್ತಿರಲಿಲ್ಲ. ಏಳನೇ ಇಸವಿಯ ಮಾತಿಗೆ ಇದ್ದ ತೂಕ ಅಷ್ಟು.

ಮೂವತ್ತು ವರ್ಷ ಪಕ್ಷಗಳಿಗೆ ನಿಷೇಧವಿತ್ತು. 1990ರಲ್ಲಿ ಮತ್ತೆ ಜನ ಬೀದಿಗಿಳಿದಾಗ ಆಂದೋಲನದ ಆರಂಭಕ್ಕೆ ನಾಯಕರು ಆರಿಸಿಕೊಂಡ ದಿನ ಫೆಬ್ರುವರಿ 18, ಅದೇ ಫಾಲ್ಗುಣ 7. ಪಕ್ಷಗಳು ಮರಳಿದವು, ಹೊಸ ಸಂವಿಧಾನ ಬಂದಿತು. ಆದರೆ ಅದನ್ನೂ ಬರೆದದ್ದು ಒಂದು ಆಯೋಗವೇ ಹೊರತು ಚುನಾಯಿತ ಸಭೆಯಲ್ಲ. 1996ರಲ್ಲಿ ಮಾವೋವಾದಿಗಳು ಶಸ್ತ್ರ ಹಿಡಿದಾಗ, ಜನಪ್ರತಿನಿಧಿಗಳೇ ಸಂವಿಧಾನ ಬರೆಯಬೇಕೆಂಬುದು ಅವರ ಬೇಡಿಕೆಗಳ ಪಟ್ಟಿಯಲ್ಲಿತ್ತು.

ಉಳಿದದ್ದು ಇತ್ತೀಚಿನ ಚರಿತ್ರೆ. 2001ರ ಜೂನ್ 1ರಂದು ನಾರಾಯಣಹಿಟಿ ಅರಮನೆಯಲ್ಲಿ ದೊರೆ ಬೀರೇಂದ್ರ ಕುಟುಂಬ ಸಮೇತ ಗುಂಡಿಗೆ ಬಲಿಯಾದರು. ಅಜ್ಜನೊಂದಿಗೆ ರಾಯಭಾರ ಕಚೇರಿ ಸೇರಿದ್ದ ಮೊಮ್ಮಗ ಅವರೇ. ಅಂದು ಅರಮನೆಯಲ್ಲಿ ಉಳಿದ ತಮ್ಮ ಜ್ಞಾನೇಂದ್ರ, ಐವತ್ತು ವರ್ಷಗಳ ನಂತರ, ಎರಡನೇ ಸಲ ದೊರೆಯಾದರು. 2005ರ ಫೆಬ್ರುವರಿಯಲ್ಲಿ ಅವರು ತಂದೆ ಮಹೇಂದ್ರರ ಹಾದಿ ಹಿಡಿದು ಅಧಿಕಾರವನ್ನು ಕೈಗೆ ತೆಗೆದುಕೊಂಡರು. 2006ರ ಏಪ್ರಿಲ್‌ನಲ್ಲಿ 19 ದಿನಗಳ ಜನಾಂದೋಲನ ಅವರನ್ನು ಮಣಿಸಿತು. 2008ರ ಏಪ್ರಿಲ್ 10ರಂದು ಸಂವಿಧಾನ ರಚನಾ ಸಭೆಗೆ ಚುನಾವಣೆ ನಡೆಯಿತು. ಮೇ 28ರಂದು ಸೇರಿದ ಮೊದಲ ಸಭೆಯಲ್ಲೇ 560 ಮಂದಿ ಗಣರಾಜ್ಯದ ಪರ ಮತ ಹಾಕಿದರು. ವಿರೋಧಿಸಿದವರು ನಾಲ್ವರು.

1952ರಲ್ಲೇ ಆ ಸಭೆ ಸೇರಿದ್ದರೆ ಸಿಂಹಾಸನಕ್ಕೂ ಸಂವಿಧಾನದಲ್ಲೊಂದು ಗೌರವದ ಜಾಗ ಖಂಡಿತ ಸಿಗುತ್ತಿತ್ತೇನೋ. ಅಂದು ಜನ ಬೀದಿಯಲ್ಲಿ ನಿಂತು ಕೂಗಿದ್ದು ದೊರೆಯ ಹೆಸರನ್ನೇ. ಅರಸೊತ್ತಿಗೆ ಭಯಪಟ್ಟು ಮುಂದೂಡುತ್ತ ಬಂದ ಸಭೆ ಕೊನೆಗೂ ಸೇರುವ ಹೊತ್ತಿಗೆ ಆ ಕೂಗು ಎಂದೋ ನಿಂತುಹೋಗಿತ್ತು. ಸಂವಿಧಾನ ಬರೆಯುವುದೂ ಸುಲಭವಾಗಲಿಲ್ಲ. ಮೊದಲ ಸಭೆ 2012ರಲ್ಲಿ ಕೆಲಸ ಮುಗಿಸದೆಯೇ ವಿಸರ್ಜನೆಯಾಗಿ, ಎರಡನೆಯದನ್ನು ಆರಿಸಬೇಕಾಯಿತು. ಜನಪ್ರತಿನಿಧಿಗಳು ಬರೆದ ಸಂವಿಧಾನ ಜಾರಿಗೆ ಬಂದದ್ದು 2015ರ ಸೆಪ್ಟೆಂಬರ್ 20ರಂದು. ಏಳನೇ ಇಸವಿಯಲ್ಲಿ ಬಂದೂಕು ಹಿಡಿದ ತರುಣರಲ್ಲಿ ಅದನ್ನು ನೋಡಲು ಉಳಿದಿದ್ದವರು ಬೆರಳೆಣಿಕೆಯ ಮಂದಿ.